ಅಟ್ಟದಿಂದ ಮೊದಲು ಏನನ್ನು ಇಳಿಸಬೇಕು? ಶಿರಸಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಬೆಂಗಳೂರಿನ ಕೆಲಸ ಹೋದ ವರ್ಷವೇ ಅಡಿಕೆ ತೋಟಕ್ಕೂ ಕೊಳೆರೋಗ ಬೀಳಬೇಕಿತ್ತಾ ಮಾರಾಯಾ? ಎರಡನೇ ಮದ್ದು ಹೊಡೆಸಲು ಮಳೆ ಬಿಡುವು ಕೊಡಲಿಲ್ಲ ಅಂತ ಬರೆದಿದ್ದೀಯ. ನಮ್ಮಲ್ಲೂ ಹಾಗೇ, ಹಿಡಿದ ಮಳೆ ಹಿಡಿದೇ ಇದೆ. ಈ ಸಲ ಅಡಿಕೆ ದುಡ್ಡನ್ನು ನಂಬುವ ಹಾಗಿಲ್ಲ, ಅಟ್ಟದ ಮೇಲೆ ಆಯಿ ಕೂಡಿಟ್ಟದ್ದಿದೆ, ಅದರಲ್ಲಿ ಮುಂದಿನ ಬೇಸಿಗೆವರೆಗೆ ಹೇಗೆ ದೂಡುವುದು ಅಂತ ಕೇಳಿದ್ದೀಯ.

ನನ್ನನ್ನೇ ಕೇಳಿದ್ದು ಯಾಕೆ ಅಂತ ಗೊತ್ತು. ನಮ್ಮದು ಬೋಟಿನ ಪಾಲು ನಂಬಿದ ಮನೆ. 2019ರ ಆಗಸ್ಟಿನಲ್ಲಿ ನೆರೆ ಬಂತು. ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ, ಅದರ ಬೆನ್ನಿಗೇ ಮಹಾ. ಮೀನು ಸಿಗುವ ಹೊತ್ತಿಗೆ ಬೋಟುಗಳೆಲ್ಲ ದಡದಲ್ಲಿ. ಇನ್ನೇನು ಸುಧಾರಿಸಿತು ಅನ್ನುವಾಗ 2020ರ ಮಾರ್ಚಿನಲ್ಲಿ ಲಾಕ್‌ಡೌನ್. ಅದು ಸಡಿಲಾಗುವಷ್ಟರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಐಸ್ ಲೆಕ್ಕ ಬರೆಯುವ ನನ್ನ ಕೆಲಸವೂ ನಿಂತಿತ್ತು. ಆ ವರ್ಷ ಮನೆ ನಡೆಸಿದ್ದು ಅವ್ವ ಮತ್ತು ಅತ್ತಿಗೆ. ನಾನು ಡಬ್ಬಿ ಇಳಿಸುವುದು, ಏರಿಸುವುದು ಮಾಡಿಕೊಂಡು ಕಲಿತದ್ದು ಇಷ್ಟು.

ಕಷ್ಟ ಬಂತು ಅಂದ ಕೂಡಲೇ ನಾವು ಊಟ ಕಡಿಮೆ ಮಾಡಲು ನೋಡುತ್ತೇವೆ. ಒಳ್ಳೆಯದನ್ನೆಲ್ಲ ‘ಇರಲಿ, ಮುಂದೆ ಬೇಕಾಗುತ್ತದೆ’ ಅಂತ ಮುಚ್ಚಿಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಮಂದಿಗಿಂತ ಬೂಷ್ಟು ಜಾಸ್ತಿ ತಿನ್ನುತ್ತದೆ. ಹಾಗಾಗಿ ಅವ್ವನ ಕ್ರಮ ಒಂದೇ ಇತ್ತು. ಯಾವುದು ಮೊದಲು ಹಾಳಾಗುತ್ತದೋ ಅದನ್ನು ಮೊದಲು ಉಣ್ಣು. ರುಚಿ, ರೇಟು ಎಲ್ಲ ಆಮೇಲೆ.

ಆದ್ದರಿಂದ ಒಂದು ದಿನ ಬಿಡುವು ಮಾಡಿಕೊಂಡು ಅಟ್ಟದ ಮೇಲಿನದನ್ನೆಲ್ಲ ಕೆಳಗಿಳಿಸು. ಆಯಿಯನ್ನು ಹತ್ತಿರ ಕೂರಿಸಿಕೋ. ಯಾವ ಭರಣಿ ಯಾವ ವರ್ಷದ್ದು ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ. ಒಂದೊಂದನ್ನೂ ಮುಚ್ಚಳ ತೆಗೆದು ಮೂಸಿ ನೋಡು. ಸುಮ್ನೆ ಮೇಲಿಂದ ಕಣ್ಣಾಡಿಸಿದರೆ ಆಗದು, ಬೂಷ್ಟು ಶುರುವಾಗುವುದು ಕಣ್ಣಿಗೆ ಕಾಣುವ ಮೊದಲೇ.

ಮೊದಲು ಮೊಗೆಕಾಯಿ, ಅಂದರೆ ಮಂಗಳೂರು ಸೌತೆ ನೋಡು. ನಿಮ್ಮಲ್ಲಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಗಳಕ್ಕೆ ನೇತುಹಾಕಿರುತ್ತಾರಲ್ಲ, ಅದು. ಒಂದಕ್ಕೊಂದು ತಾಗದ ಹಾಗೆ ತೂಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಆದರೆ ಒಂದು ಕೊಳೆತು ಸೋರಿತೋ, ಕೆಳಗಿನದ್ದೂ ಹೋಯಿತು. ತೊಟ್ಟಿನ ಬುಡದಲ್ಲಿ, ಆಮೇಲೆ ಕೆಳಗಿನ ತುದಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡು. ಮೆತ್ತಗಿದ್ದದ್ದು ಇವತ್ತಿನ ಅಡಿಗೆಗೆ. ಗಟ್ಟಿ ಇದ್ದದ್ದನ್ನು ಒಣಬಟ್ಟೆಯಲ್ಲಿ ಒರೆಸಿ, ಹೊಸ ನಾರಿನಲ್ಲಿ ಕಟ್ಟಿ ಮತ್ತೆ ಏರಿಸು. ಒಲೆಯ ಹೊಗೆ ತಾಗುವ ಜಾಗವಾದರೆ ಒಳ್ಳೆಯದು.

ಮೊಗೆಕಾಯಿಯ ದೊಡ್ಡ ಉಪಕಾರ ಅಂದರೆ ತೆಳ್ಳೇವು, ಅದೇ ತೆಳ್ಳಗಿನ ದೋಸೆ. ನಿನ್ನ ಮನೆಯ ತಿಂಡಿಯ ಬಗ್ಗೆ ನಿನಗೇ ಹೇಳಲು ಹೊರಟಿದ್ದೇನೆ, ನಗಬೇಡ. ನೆನೆಸಿದ ಅಕ್ಕಿಯ ಜೊತೆ ಮೊಗೆಕಾಯಿ ಹೋಳು ಹಾಕಿ ನುಣ್ಣಗೆ ರುಬ್ಬಿದರೆ ಉದ್ದು ಬೇಡವೇ ಬೇಡ. ಹಿಟ್ಟು ಹೆಚ್ಚುತ್ತದೆ, ತೆಳ್ಳಗೂ ಏಳುತ್ತದೆ. ಉದ್ದಿನಬೇಳೆ ರೇಟು ನೋಡಿದರೆ ಇದೊಂದೇ ಎಷ್ಟು ಉಳಿಸುತ್ತದೆ ಗೊತ್ತಾ? ಬರೇ ಅಕ್ಕಿ ದೋಸೆಯಾದರೆ ಮಕ್ಕಳು ನಾಲ್ಕು ದಿನಕ್ಕೆ ಬೇಸರ ಮಾಡುತ್ತಾರೆ. ಇದಕ್ಕೆ ಜೋನಿ ಬೆಲ್ಲ ಹಚ್ಚಿಕೊಟ್ಟರೆ ಮಾತಿಲ್ಲ. ಸಿಪ್ಪೆ ಎಸೆಯಬೇಡ, ಹುರಿದು ಚಟ್ನಿಗಾಗುತ್ತದೆ. ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿಡು, ಬೇಸಿಗೆಯಲ್ಲಿ ಗದ್ದೆಗೆ ಹಾಕಲು ಬೇಕು.

ಉಪ್ಪಿನ ಸೊಳೆಯ, ಅಂದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಭರಣಿಯಲ್ಲಿ ನೋಡಬೇಕಾದದ್ದು ಒಂದೇ. ಸೊಳೆಗಳು ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿರಬೇಕು. ನೀರಿನಿಂದ ಮೇಲೆ ತಲೆ ಎತ್ತಿದ್ದೇ ಮೊದಲು ಬೂಷ್ಟು ಹಿಡಿಯುವುದು. ಮೇಲೆ ತೊಳೆದ ಕಲ್ಲು ಹೇರಿಡು, ಒದ್ದೆ ಕೈ ಹಾಕಬೇಡ. ಅಡಿಗೆಗೆ ಹಿಂದಿನ ರಾತ್ರಿಯೇ ತೆಗೆದು ನೆನೆಸಿ, ನೀರು ಬದಲಿಸು. ಉಪ್ಪು ಸರಿಯಾಗಿ ಬಿಡದಿದ್ದರೆ ಆಯಿಯ ಬಿ.ಪಿ.ಗೆ ಕಷ್ಟ. ಮರಳಲ್ಲಿ ಹೂತಿಟ್ಟ ಹಲಸಿನ ಬೇಳೆ ಮಾತ್ರ ಕಾಯುವುದಿಲ್ಲ, ಮೊಳಕೆ ಬಂದುಬಿಡುತ್ತದೆ. ಅದನ್ನು ಈ ತಿಂಗಳೇ ಹುಳಿಗೆ, ಪಲ್ಯಕ್ಕೆ ಹಾಕಿ ಮುಗಿಸು. ಮಳೆ ಬಿದ್ದ ಮೇಲೆ ದಾರಿ ಬದಿಯಲ್ಲಿ ಏಳುತ್ತದಲ್ಲ ಚಗಟೆ ಸೊಪ್ಪು, ಎಳೆಯದನ್ನು ಕೊಯ್ದು ಹಲಸಿನ ಬೇಳೆ ಜೊತೆ ಪಲ್ಯ ಮಾಡಿದರೆ ಅಂಗಡಿ ತರಕಾರಿಯ ನೆನಪೇ ಬರದು. ಕೆಸು, ಒಂದೆಲಗ ಹೇಗೂ ಹಿತ್ತಲಲ್ಲಿದೆ. ಕಳಲೆಯನ್ನು (ಎಳೆ ಬಿದಿರನ್ನು) ಮಾತ್ರ ದಿನವೂ ನೀರು ಬದಲಿಸಿ ಎರಡು ಮೂರು ದಿನ ನೆನೆಸದೆ ತಿನ್ನಬೇಡಿ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ.

ಅಕ್ಕಿಯ ಬಗ್ಗೆ ನೀನು ಜಾಸ್ತಿ ಹೆದರಿದ್ದೀಯ ಅನ್ನಿಸಿತು. ನಮ್ಮ ಅನುಭವದಲ್ಲಿ ಅಕ್ಕಿ ಮುಗಿಯುವುದು ಕೊನೆಗೆ. ಭತ್ತ ಇದ್ದರೆ ಭತ್ತವಾಗಿಯೇ ಇರಲಿ, ಬೇಕಾದಷ್ಟನ್ನೇ ಗಿರಣಿಗೆ ಒಯ್ಯಿ. ಉಮಿ ಇರುವವರೆಗೆ ಕಾಳು ಗಟ್ಟಿ. ಅಕ್ಕಿ ಮಾಡಿಟ್ಟರೆ ಮಳೆಗಾಲದಲ್ಲಿ ಹುಳ ಬರುತ್ತದೆ. ಬಿತ್ತನೆ ಭತ್ತವನ್ನು ಬೇರೆ ಚೀಲದಲ್ಲಿ ಕಟ್ಟಿ, ಅದು ಮನೆಯಲ್ಲಿಲ್ಲ ಅಂತಲೇ ತಿಳಿದುಕೋ.

ನಾವು ಕುಚ್ಚಲಕ್ಕಿಯವರು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಸ್ವಲ್ಪ ಕಾಳಿನೊಳಗೇ ಇಳಿಯುತ್ತದೆ. ಹಾಗಾಗಿ ಬರೇ ಗಂಜಿ ಉಂಡ ದಿನವೂ ಕುಚ್ಚಲಕ್ಕಿಯಾದರೆ ಒಳ್ಳೆಯದು. ರೇಶನ್ ಅಕ್ಕಿ ಅನ್ನಕ್ಕೆ ಮುದ್ದೆಯಾಗುತ್ತದೆ ಅಂತ ಮೂಗು ಮುರಿಯಬೇಡ. ಅದನ್ನು ತೆಳ್ಳೇವಿಗೂ ರೊಟ್ಟಿಗೂ ಹಾಕು, ಮನೆಯ ಅಕ್ಕಿ ಅನ್ನಕ್ಕಿರಲಿ.

ರೇಶನ್ ಅಂದ ಕೂಡಲೇ ನೀನು ಮುಖ ತಿರುಗಿಸುತ್ತೀಯ, ನನಗೆ ಗೊತ್ತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕಾರ್ಡಿನ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆಜಿ ಧಾನ್ಯ ಇದೆ. ಅದರ ಮೇಲೆ ರಾಜ್ಯದ್ದು ಬೇರೆ. ನಿಮ್ಮ ಕಾರ್ಡು ಯಾವುದು, ಅದರಲ್ಲಿ ಯಾರ ಹೆಸರಿದೆ, ಇ-ಕೆವೈಸಿ ಆಗಿದೆಯಾ ಅಂತ ಮೊದಲು ವಿಚಾರಿಸು. ಮಕ್ಕಳನ್ನು ಊರಿನ ಸರಕಾರಿ ಶಾಲೆಗೆ ಸೇರಿಸಿದ್ದೀಯಲ್ಲ, ಅಲ್ಲಿಯ ಬಿಸಿಯೂಟ ಉಣ್ಣಲಿ. ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು ಕೊಡುತ್ತಾರೆ. ಇದರಲ್ಲಿ ನಾಚಿಕೆಗೆ ಏನಿದೆ? ಪಕ್ಕದ ಮನೆಯವರು ಏನಂದುಕೊಂಡಾರು ಅಂತ ಡಬ್ಬಿ ಕಟ್ಟಿ ಕಳಿಸುವುದು ಈ ವರ್ಷ ಬೇಡ.

ಮೊದಲು ಮುಗಿಯುವುದು ಬೇಳೆ ಮತ್ತು ಎಣ್ಣೆ. ಇದನ್ನು ಯಾರೂ ಹೇಳುವುದಿಲ್ಲ. ಅಕ್ಕಿ ಮೂಟೆ ಕಂಡು ಸಮಾಧಾನದಲ್ಲಿರುತ್ತೇವೆ, ಎರಡನೇ ತಿಂಗಳಿಗೆ ಸಾರಿನಲ್ಲಿ ಬೇಳೆಯೇ ಕಾಣುವುದಿಲ್ಲ. ಆ ವರ್ಷ ನಮ್ಮನ್ನು ಕಾಪಾಡಿದ್ದು ಹುರುಳಿ. ತೊಗರಿಗಿಂತ ಅಗ್ಗ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಜಾಸ್ತಿ ಹಾಕಿ ಬೇಯಿಸಿ, ಕಟ್ಟನ್ನು ಬಸಿದುಕೋ. ಕಟ್ಟಿಗೆ ಹುಣಸೆ ಅಥವಾ ಮುರುಗಲು (ಕೋಕಂ) ಸಿಪ್ಪೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳು ಪಲ್ಯಕ್ಕೆ. ಒಂದು ಪಾತ್ರೆಯಲ್ಲಿ ಎರಡು ಅಡಿಗೆ. ಅತ್ತಿಗೆ ವಾರಕ್ಕೊಮ್ಮೆ ಮೊಳಕೆ ಕಟ್ಟುತ್ತಿದ್ದಳು. ಬೆಳ್ಳುಳ್ಳಿ ನಿಮ್ಮ ಮನೆಗೆ ಆಗದು ಅಂದರೆ ಇಂಗು ಹಾಕಿಕೊಳ್ಳಿ, ಆಯಿ ಹತ್ತಿರ ನಾನು ಜಗಳ ಕಾಯುವುದಿಲ್ಲ.

ಎಣ್ಣೆಗೆ ನಿಮ್ಮ ಕಡೆ ಒಂದು ಹಳೆಯ ದಾರಿ ಇತ್ತು. ಮುರುಗಲು ಬೀಜದ ತುಪ್ಪ, ಉಪ್ಪಾಗೆ ಬೀಜದ ತುಪ್ಪ. ಈಗ ಹಣ್ಣು ಕೊಯ್ದು ಸಿಪ್ಪೆ ಒಣಗಿಸಿ ಬೀಜ ಬಿಸಾಡುತ್ತಾರೆ. ಆಯಿ ಬೀಜ ಇಟ್ಟಿದ್ದರೆ ಕೇಳು. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ, ತಣಿದ ಮೇಲೆ ಗಟ್ಟಿಯಾಗುತ್ತದೆ. ಕೆಲಸ ಜಾಸ್ತಿ, ಆದರೆ ಸದ್ಯ ನಿನ್ನ ಹತ್ತಿರ ಇರುವುದು ಹೊತ್ತು ತಾನೇ?

ಇನ್ನೊಂದು ಮಾತು ಹೇಳಲೇಬೇಕು. ಅಟ್ಟದ ಮೇಲಿರುವುದೆಲ್ಲ ನೀವೇ ತಿನ್ನಬೇಕು ಅಂತೇನಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಇವಕ್ಕೆ ಪೇಟೆಯಲ್ಲಿ ಬೆಲೆ ಇದೆ. ನಿನ್ನ ಬೆಂಗಳೂರಿನ ಹಳೆಯ ಸಹೋದ್ಯೋಗಿಗಳೇ ಕೇಳಿ ತರಿಸಿಕೊಳ್ಳುತ್ತಾರೆ. ಒಂದು ಭಾಗ ಮಾರಿ ಬೇಳೆ, ಎಣ್ಣೆ ತಾ. ಉಪ್ಪಿನಕಾಯಿಯಿಂದ ಗಂಜಿಗೆ ರುಚಿ ಬಂದೀತು, ಮಕ್ಕಳ ಮೈಗೆ ಬಲ ಬರುವುದು ಬೇಳೆಯಿಂದ. ಆಯಿಗೆ ಮೊದಲು ಇಷ್ಟವಾಗದು. ಯಾವ ಜಾಡಿ ಕೊಡಬೇಕು ಅನ್ನುವುದನ್ನು ಅವರಿಗೇ ಬಿಡು.

ಹಪ್ಪಳ ಕೊಡುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡು. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ, ಕಾಳು ಯಾವುದನ್ನೂ ತೊಳೆದು, ಬಿಸಿಲಿಗಿಟ್ಟು ತಿನ್ನುವ ಉಪಾಯ ಬೇಡ. ಕೆಲವು ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ, ಲಿವರ್ ಕೆಡಿಸುತ್ತದೆ. ಹೊಟ್ಟೆ ಉರಿದರೂ ಗುಂಡಿಗೆ ಹಾಕು, ದನಕ್ಕೂ ಹಾಕಬೇಡ. ನಮ್ಮ ಕಡೆ ಒಣ ಮೀನಿಗೂ ಇದೇ ಕಟ್ಟುನಿಟ್ಟು. ಮಳೆಯ ಥಂಡಿಗೆ ಉಪ್ಪು ನೀರೊಡೆದು ಮೀನು ಕೆಂಪಗಾಗಿ ಲೋಳೆ ಬಂದರೆ ಅವ್ವ ಎಷ್ಟು ದುಬಾರಿಯದ್ದಾದರೂ ಎಸೆಯುತ್ತಾಳೆ. ಚೆನ್ನಾಗಿದ್ದ ಒಣ ಶೆಟ್ಲಿ (ಸಿಗಡಿ) ಒಂದು ಹಿಡಿ, ಸ್ವಲ್ಪ ಕಾಯಿ, ಹುಳಿ, ಮೆಣಸು ಹಾಕಿ ಚಟ್ನಿ ಅರೆದರೆ ಇಡೀ ಮನೆ ಗಂಜಿ ಉಣ್ಣುತ್ತದೆ. ನಿನಗೆ ಇದರ ಉಪಯೋಗ ಇಲ್ಲ, ಬರೆಯುವಾಗ ಬಾಯಲ್ಲಿ ನೀರು ಬಂತು, ಅದಕ್ಕೇ ಬರೆದೆ.

ಗ್ಯಾಸು ಉಳಿಸಬೇಕೆಂದರೆ ಕಾಳು, ಅಕ್ಕಿ ಎಲ್ಲ ನೆನೆಸಿಯೇ ಒಲೆಗಿಡಬೇಕು. ಕುಚ್ಚಲಕ್ಕಿಯಂತೂ ಚೆನ್ನಾಗಿ ಒಂದು ಕುದಿ ಬಂದ ಮೇಲೆ ಮುಚ್ಚಳ ಬಿಗಿ ಮಾಡಿ, ಪಾತ್ರೆಯನ್ನು ಒಣಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಕಂಬಳಿ ಹೊದಿಸಿಬಿಡು. ತನ್ನ ಕಾವಿಗೇ ಬೇಯುತ್ತಿರುತ್ತದೆ. ಉಣ್ಣುವ ಮುಂಚೆ ಒಮ್ಮೆ ಕುದಿಸಿದರೆ ಸಾಕು.

ಕೊನೆಗೆ, ಬಡಿಸುವ ಹೊತ್ತಿಗೆ ಅಡಿಗೆಮನೆಯಲ್ಲೇ ಇರು. ಲಾಕ್‌ಡೌನ್ ಹೊತ್ತಿನಲ್ಲಿ ಅತ್ತಿಗೆ ಎಲ್ಲರಿಗೂ ಬಡಿಸಿ, ಉಳಿದ ತಿಳಿಯಲ್ಲಿ ಎರಡು ತುತ್ತು ಕಲೆಸಿಕೊಂಡು ‘ನಂದಾಯ್ತು’ ಅನ್ನುತ್ತಿದ್ದಳು. ಆಗ ಅವಳು ಬಾಣಂತಿ ಬೇರೆ. ಅವ್ವನಿಗೆ ಇದು ಕಂಡ ದಿನದಿಂದ ಎಲ್ಲರ ತಟ್ಟೆಗೂ ಮೊದಲೇ ಹಾಕಿಟ್ಟು, ಒಟ್ಟಿಗೆ ಕೂರುವ ಪದ್ಧತಿ ಬಂತು. ಈಗಲೂ ಹಾಗೇ ಇದೆ. ನಿಮ್ಮ ಮನೆಯಲ್ಲಿ ಗಂಡಸರದ್ದು ಮೊದಲ ಪಂಕ್ತಿ ಅಂತ ಗೊತ್ತು. ಈ ವರ್ಷವಾದರೂ ಅದನ್ನು ಮುರಿ. ನಿನ್ನ ಹೆಂಡತಿ ಏನು ಉಂಡಳು ಅಂತ ಕೇಳಿದರೆ ಸುಳ್ಳು ಹೇಳುತ್ತಾಳೆ, ತಟ್ಟೆ ನೋಡು.

ಹುರುಳಿಯನ್ನೂ ಸಾಣಿಕಟ್ಟಾದ ಕಲ್ಲುಪ್ಪನ್ನೂ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಕಲ್ಲುಪ್ಪು ಸೊಳೆಗೆ, ಉಪ್ಪಿನಕಾಯಿಗೆ ಮಾತ್ರ. ದಿನದ ಅಡಿಗೆಗೆ ಅಯೋಡಿನ್ ಇರುವ ಪ್ಯಾಕೆಟ್ ಉಪ್ಪೇ ಇರಲಿ. ದೇವಿಮನೆ ಘಟ್ಟದಲ್ಲಿ ಬಸ್ಸು ಓಡುತ್ತಿದ್ದರೆ ಶನಿವಾರ ಕುಮಟಾದಿಂದ ಹೊರಡುವ ಯಾವುದಾದರೂ ಗಾಡಿಯಲ್ಲಿ ಹಾಕುತ್ತೇನೆ, ಹೊರಟ ಮೇಲೆ ಫೋನ್ ಮಾಡುತ್ತೇನೆ. ದುಡ್ಡಿನ ಮಾತು ಎತ್ತಬೇಡ. ಚೀಲ ಮಾತ್ರ ವಾಪಸು ಕಳಿಸು, ಅವ್ವ ಲೆಕ್ಕ ಇಟ್ಟಿದ್ದಾಳೆ.

ನಿನ್ನ,
ಕುಮಟೆಯ ಗೆಳೆಯ