ಮೊದಲ ಸಲ ವೋಟು ಹಾಕುವವರಿಗೆ

ನ್ಯೂಜೆರ್ಸಿ ಗೆಳೆಯರಿಗೆ ನಮಸ್ಕಾರ. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ನಮ್ಮ ವೋಟು ಹೇಗೆ ಲೆಕ್ಕಕ್ಕೆ ಬರುತ್ತದೆ ಎಂದು ಹೊಸದಾಗಿ ಸಿಟಿಜನ್ ಆದವರು ಕೇಳುತ್ತಲೇ ಇದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಲೆಟ್‌ನಲ್ಲಿ ಅಧ್ಯಕ್ಷ ಅಭ್ಯರ್ಥಿಯ ಹೆಸರೇ ಇರುತ್ತದೆ. ಆದರೆ ನಾವು ಆರಿಸುವುದು ಅವರ ಕಡೆಯ ಎಲೆಕ್ಟರ್‌ಗಳನ್ನು, ಅಂದರೆ ನಮ್ಮ ಪರವಾಗಿ ಅಧ್ಯಕ್ಷರಿಗೆ ವೋಟು ಹಾಕುವ ಪ್ರತಿನಿಧಿಗಳನ್ನು. ದೇಶಕ್ಕೆಲ್ಲ 538 ಮಂದಿ, 270 ಸಿಕ್ಕರೆ ಗೆದ್ದ ಹಾಗೆ. ನಮ್ಮ ರಾಜ್ಯದ್ದು 14. ಇಲ್ಲಿ ಒಂದೇ ವೋಟು ಜಾಸ್ತಿ ಬಂದರೂ ಹದಿನಾಲ್ಕೂ ಗೆದ್ದವರಿಗೇ. ಮೇಯ್ನ್, ನೆಬ್ರಾಸ್ಕ ರಾಜ್ಯಗಳಲ್ಲಿ ಮಾತ್ರ ಬೇರೆ ಲೆಕ್ಕ.

2000ದಲ್ಲಿ ಫ್ಲಾರಿಡಾದ 25 ಎಲೆಕ್ಟರ್‌ಗಳು ಬುಷ್ ಪಾಲಾದದ್ದು ಬರೀ 537 ವೋಟಿನ ಅಂತರದಲ್ಲಿ. ಊರಿನ ಪಂಚಾಯ್ತಿ ಎಲೆಕ್ಷನ್ ಥರ ಅಲ್ವಾ? ದೇಶದ ಒಟ್ಟು ವೋಟು ಬುಷ್ ಎದುರಾಳಿ ಗೋರ್‌ಗೇ ಜಾಸ್ತಿ ಇತ್ತು, ಆದರೂ ಸೋತರು.

ನೋಂದಣಿಗೆ ಚುನಾವಣೆಗೆ 21 ದಿನ ಮುಂಚೆಯೇ ಕೊನೆ. ಗ್ರೀನ್ ಕಾರ್ಡ್‌ನವರಿಗೆ ವೋಟಿಲ್ಲ. ಗ್ರೀನ್ ಕಾರ್ಡ್‌ನವರೇ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿಗೆ ಸುಮ್ನೆ ಟಿಕ್ ಹಾಕಿಬಿಡಬೇಡಿ.