ಮರಳುಗಾಡಿನ ಆಕಾಶಗಂಗೆ: ಕಪ್ಪತಗುಡ್ಡದ ಬಯಲಲ್ಲೇ ತಾಲೀಮು ಮಾಡಿ

ಮಾನ್ಯರೇ,

ಫೆಬ್ರುವರಿ ಬಂದರೆ ಹುಬ್ಬಳ್ಳಿ–ಗದಗ ಕಡೆಯ ಹವ್ಯಾಸಿಗಳು ಮರಳ ದಿಬ್ಬಗಳ ಮೇಲಿನ ಆಕಾಶಗಂಗೆಯ ಚಿತ್ರ ತೆಗೆಯಲು ಕ್ಯಾಮೆರಾ ಹೊತ್ತು ರಾಜಸ್ಥಾನದ ಜೈಸಲ್ಮೇರ್‌ಗೆ ಹೊರಡುತ್ತಾರೆ. ಹುಣ್ಣಿಮೆ ನೋಡಿ ಟಿಕೆಟ್ ಮಾಡಿಸಿದರೆ ಆಕಾಶಗಂಗೆ ಮರೆತುಬಿಡಿ. ಅಮಾವಾಸ್ಯೆ ಹಿಂದೆಮುಂದಿನ ದಿನಗಳೇ ಬೇಕು. ಫೆಬ್ರುವರಿ ಕೊನೆಗೆ ಆಕಾಶಗಂಗೆಯ ನಡುಭಾಗ ಬೆಳಗಿನ ಜಾವ 3ರ ನಂತರ ಆಗ್ನೇಯದಲ್ಲಿ ಮೂಡುತ್ತದೆ. ಗದುಗಿನಲ್ಲಿ ಅದು ಗರಿಷ್ಠ 45 ಡಿಗ್ರಿ ಏರಿದರೆ ಜೈಸಲ್ಮೇರ್‌ನಲ್ಲಿ 34 ಮಾತ್ರ. ಹಾಗಾಗಿ ಮರಳ ದಿಬ್ಬವೂ ಆಕಾಶಗಂಗೆಯೂ ಒಂದೇ ಚೌಕಟ್ಟಿನಲ್ಲಿ ಸಲೀಸಾಗಿ ಕೂರುತ್ತವೆ. ಜೈಸಲ್ಮೇರ್ ಬಳಿಯ ಸಮ್ ದಿಬ್ಬಗಳಲ್ಲಿ ಕ್ಯಾಂಪುಗಳ ದೀಪದ ಕಾಟ. ಅದಕ್ಕಿಂತ ಖುರಿ ಹಳ್ಳಿಯ ದಿಬ್ಬಗಳು ವಾಸಿ, ಜೈಸಲ್ಮೇರ್ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ.

ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 14 ಎಂಎಂ ಲೆನ್ಸ್ ಇದ್ದರೆ ಲೆನ್ಸಿನ ಕಿಂಡಿ ಎಫ್ 2.8, ಬೆಳಕಿನ ಸಂವೇದನೆ ಐಎಸ್‌ಒ 3200, ಶಟರ್ 20 ಸೆಕೆಂಡು. '500ರ ಲೆಕ್ಕ' (500ನ್ನು ಲೆನ್ಸಿನ ಎಂಎಂನಿಂದ ಭಾಗಿಸುವುದು) 35 ಸೆಕೆಂಡು ಕೊಡುತ್ತದೆ, ನಂಬಬೇಡಿ: ಈಗಿನ ಸೆನ್ಸರ್‌ಗಳಲ್ಲಿ ಚುಕ್ಕಿ ಗೆರೆಯಾಗುತ್ತದೆ. ಆಟೊಫೋಕಸ್ ಬಂದ್ ಮಾಡಿ, ಪರದೆಯಲ್ಲಿ ಒಂದು ಚುಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣದಾದಾಗ ಫೋಕಸ್ ರಿಂಗಿಗೆ ಟೇಪ್ ಅಂಟಿಸಿ. ಮರಳಿಗೆ ಬೇರೆ ಶಾಟ್: ಐಎಸ್‌ಒ 800, 4 ನಿಮಿಷ; ಆಮೇಲೆ ಎರಡನ್ನೂ ಜೋಡಿಸಿ. ಟ್ರೈಪಾಡ್ ಕಾಲನ್ನು ಗೇಣುದ್ದ ಮರಳಿಗೆ ಒತ್ತದಿದ್ದರೆ ಈ ನಾಲ್ಕು ನಿಮಿಷದಲ್ಲೇ ಕುಸಿದು ಚಿತ್ರ ಅಲುಗುತ್ತದೆ. ಕಾಲಿನ ಲಾಕ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ದಿಬ್ಬದ ಮೇಲೆ ಲೆನ್ಸ್ ಮಾತ್ರ ಬಿಚ್ಚಲೇಬೇಡಿ.

ಇದನ್ನೆಲ್ಲ ಮೊದಲು ಮುಂಡರಗಿ ಕಡೆಯ ಎರೆಹೊಲದಲ್ಲಿ ಮಾಡಿ ನೋಡಿ (ಕಪ್ಪತಗುಡ್ಡ ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ನುಗ್ಗಬೇಡಿ). ಗಾಳಿಯಂತ್ರಗಳ ಕೆಂಪು ದೀಪ ಚೌಕಟ್ಟಿನಾಚೆ ಇಡುವ ಅಭ್ಯಾಸವೂ ಆಗುತ್ತದೆ. ಜೈಸಲ್ಮೇರ್ ಸುತ್ತಲೂ ಅವು ಸಾಕಷ್ಟಿವೆ.

— ಕೆಲವು ಛಾಯಾಗ್ರಾಹಕರು, ಗದಗ