ಚಪ್ಪಲಿ ಬಿಚ್ಚಿಸಿ ಪಾದವನ್ನೂ ನೋಡಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ರುಮಟಾಯ್ಡ್ ಸಂಧಿವಾತಕ್ಕೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆಗೆ, ಹಲವು ವರ್ಷಗಳಿಂದ ಮಾತ್ರೆ ತಗೊಳ್ಳುತ್ತಿದ್ದೇನೆ. ನಮ್ಮಂಥವರ ಪಾದದ ಬಗ್ಗೆ ತಮ್ಮ ಹತ್ತಿರ ಒಂದು ಮಾತು ಕೇಳಬೇಕಿದೆ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಕೈಬೆರಳು ಸೊಟ್ಟಗಾದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಎಷ್ಟೋ ಜನರಿಗೆ ನೋವು ಮೊದಲು ಶುರುವಾಗುವುದೇ ಕಾಲ್ಬೆರಳ ಬುಡದಲ್ಲಿ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಜಲ್ಲಿಕಲ್ಲಿನ ಮೇಲೆ ನಿಂತ ಹಾಗಾಗುತ್ತದೆ. ವರ್ಷ ಕಳೆದ ಹಾಗೆ ಹೆಬ್ಬೆರಳು ಪಕ್ಕಕ್ಕೆ ವಾಲುತ್ತದೆ. ಉಳಿದ ಬೆರಳುಗಳು ಮಡಚಿಕೊಂಡು ಮೇಲೇಳುತ್ತವೆ. ಅಂಗಾಲು ಚಪ್ಪಟೆಯಾಗುತ್ತದೆ, ಹರಡು (ಪಾದದ ಗಂಟು) ಊದಿಕೊಳ್ಳುತ್ತದೆ.

ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅಂತ ತಿಳಿಯಲು ವೈದ್ಯರು ಸಾಮಾನ್ಯವಾಗಿ 28 ಕೀಲುಗಳನ್ನು ಒತ್ತಿ ನೋಡುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು, ಮೊಣಕಾಲು. ಹರಡು ಮತ್ತು ಪಾದ ಆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಚೀಟಿಯಲ್ಲಿ ಕಾಯಿಲೆ ಹತೋಟಿಯಲ್ಲಿದೆ ಅಂತ ಇರುತ್ತದೆ, ಕಾಲು ಮಾತ್ರ ಊದಿಕೊಂಡೇ ಇರುತ್ತದೆ. ನಾನು ತೋರಿಸಿಕೊಂಡ ಕಡೆ ಚಪ್ಪಲಿ ಬಿಚ್ಚಿ ಅಂದವರೇ ಅಪರೂಪ. ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಅಷ್ಟುದ್ದ ಸಾಲು ಇರುತ್ತದಲ್ವಾ? ಪಾದ ನೋಡುವುದು ಯಾರ ಕೆಲಸ ಅಂತ ಇಲಾಖೆಯೇ ಹೇಳಬೇಕು.

ಮಲೆನಾಡಿನಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ತೋಟಕ್ಕೆ ಹೋಗಲು ಸಂಕ (ಕಾಲುಸೇತುವೆ) ದಾಟಬೇಕು, ನಾಟಿ ಗದ್ದೆಯಲ್ಲಿ ಬರಿಗಾಲು. ಸೊಟ್ಟಗಾದ ಬೆರಳಿನ ಅಡಿಯಲ್ಲಿ ಭಾರ ಬಿದ್ದು ಆಣಿ ಕಟ್ಟುತ್ತದೆ. ಅದನ್ನು ಮನೆಯಲ್ಲೇ ಬ್ಲೇಡಿನಿಂದ ಕೆತ್ತುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈ ಕಾಯಿಲೆಗೆ ಕೊಡುವ ಔಷಧಿಗಳಲ್ಲಿ ಹಲವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಸಣ್ಣ ಗಾಯವೂ ಕೆಸರು ತಾಗಿ ಕೀವಾಗಬಹುದು.

ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿಯನ್ನು ಉಚಿತವಾಗಿ ಕೊಡುತ್ತದೆ. ಮೆತ್ತನೆಯ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ. ಎಷ್ಟು ಒಳ್ಳೆಯ ಕೆಲಸ ಅದು! ಅದನ್ನೇ ನಮಗೂ ವಿಸ್ತರಿಸಿ. ನಮಗೆ ಮುಂಭಾಗ ಸ್ವಲ್ಪ ಅಗಲವಿರಬೇಕು, ಕಾಲ್ಬೆರಳ ಬುಡದ ಹಿಂದೆ ಒಂದು ಸಣ್ಣ ಮೆತ್ತೆ ಬೇಕು. ಇದರಿಂದ ಸೊಟ್ಟಗಾದ ಬೆರಳು ನೆಟ್ಟಗಾಗುವುದಿಲ್ಲ. ನಡೆಯುವಾಗಿನ ನೋವು ಕಡಿಮೆಯಾಗುತ್ತದೆ, ನಮಗೆ ಬೇಕಿರುವುದು ಅದೇ. ಚಪ್ಪಲಿ ಮಾಡಲು ರಾಜ್ಯ ಸರ್ಕಾರದ್ದೇ ಚರ್ಮೋದ್ಯಮ ನಿಗಮ ಲಿಡ್ಕರ್ ಇದೆ. ಅಲ್ಲಿನ ಕುಶಲಕರ್ಮಿಗಳಿಗೆ ಪಾದದ ಅಳತೆ ಸಿಕ್ಕರೆ ಸಾಕು.

ಆ ಅಳತೆಗೆಂದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೋಗುವ ಹಾಗಾಗಬಾರದು. ಊದಿದ ಹರಡಿನಲ್ಲಿ ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೇ ದೊಡ್ಡ ಸಾಹಸ. ಬಿಪಿ, ಶುಗರ್ ನೋಡುವ ತಾಲ್ಲೂಕು ಆಸ್ಪತ್ರೆಯಲ್ಲೇ ತಿಂಗಳಿಗೊಂದು ದಿನ ಫಿಸಿಯೋಥೆರಪಿಸ್ಟ್ ಪಾದ ನೋಡಲಿ, ಅಳತೆ ತೆಗೆಯಲಿ, ಹರಡಿನ ವ್ಯಾಯಾಮ ಹೇಳಿಕೊಡಲಿ. ಊತ ಕಂಡರೆ ಚೀಟಿಯಲ್ಲಿ ಬರೆದು ಶಿವಮೊಗ್ಗದ ವೈದ್ಯರಿಗೆ ಕಳಿಸಲಿ. ಆಗ ಔಷಧಿ ಬದಲಿಸಬೇಕೋ ಬೇಡವೋ ಅಂತ ಅವರು ಸರಿಯಾಗಿ ನಿರ್ಧರಿಸಬಹುದು.

ಇಡೀ ರಾಜ್ಯಕ್ಕೆ ಒಟ್ಟಿಗೆ ಮಾಡಲು ಆಗದಿದ್ದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಶುರು ಮಾಡಿ. ನಮ್ಮ ತಾಲ್ಲೂಕನ್ನೇ ಆರಿಸಿಕೊಂಡರೆ, ಆ ದಿನ ಯಾರ್ಯಾರು ಬರಬೇಕೋ ಅವರನ್ನೆಲ್ಲ ಆಶಾ ಕಾರ್ಯಕರ್ತೆಯರ ಜೊತೆ ಸೇರಿ ನಾವೇ ಕರೆತರುತ್ತೇವೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಸಂಧಿವಾತ ರೋಗಿ